ಹಳೆಯ ಪ್ರೊಸೆಸರಿಗೆ ಹೊಸ ಜೊತೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳ ಮುಂದೆ ಸಂಜೆಯ ವೇಳೆ ನೆರೆಯುವ ಜನರಲ್ಲಿ ತಂದೆ ಮಗನ ಜೋಡಿಯನ್ನು ಗುರುತಿಸುವುದು ಕಷ್ಟವಲ್ಲ. ಮಗನ ದೃಷ್ಟಿ ಗಾಜಿನ ಕಪಾಟಿನೊಳಗಿರುವ, ಎರಡೆರಡು ಬೀಸಣಿಗೆಗಳನ್ನು ಹೊತ್ತ ಗ್ರಾಫಿಕ್ಸ್ ಕಾರ್ಡಿನ ಮೇಲೆ ನೆಟ್ಟಿರುತ್ತದೆ. ತಂದೆಯ ದೃಷ್ಟಿ ಅದರ ಬೆಲೆಯ ಚೀಟಿಯ ಮೇಲೆ. ಇಬ್ಬರ ನಡುವಿನ ಚರ್ಚೆಯೂ ಬಹುಮಟ್ಟಿಗೆ ಒಂದೇ ತೆರನಾದದ್ದು. ಇಡೀ ಕಂಪ್ಯೂಟರನ್ನು ಬದಲಾಯಿಸುವಷ್ಟು ಹಣವಿಲ್ಲ. ಇರುವ ಯಂತ್ರ ಕೆಟ್ಟಿಲ್ಲ. ಕಾರ್ಡೊಂದನ್ನು ಹೊಸದಾಗಿ ಕೂಡಿಸಿದರೆ ಹೊಸ ಆಟಗಳೆಲ್ಲ ಸರಾಗವಾಗಿ ನಡೆಯುತ್ತವೆಯೆಂದು ಮಗನ ವಾದ. ಹಳೆಯ ಗಾಡಿಗೆ ಹೊಸ ಚಕ್ರ ತೊಡಿಸಿದ ಮಾತ್ರಕ್ಕೆ ಗಾಡಿ ಹೊಸತಾದೀತೆ ಎಂದು ತಂದೆಯ ಶಂಕೆ. ಸೋಜಿಗವೆಂದರೆ ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಯಾರದು ಎಷ್ಟು ಸತ್ಯವೆಂದು ಅಳೆದು ನೋಡುವ ತಾಳ್ಮೆ ಮಾತ್ರ ಅಂಗಡಿಯ ಮುಂದೆ ಯಾರಿಗೂ ಇರುವುದಿಲ್ಲ.

ಇಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. 2012ರಲ್ಲಿ, ಮಗನಿನ್ನೂ ಶಿಶುವಿಹಾರಕ್ಕೆ ಹೋಗುತ್ತಿದ್ದಾಗ, ತಂದೆ ಕಚೇರಿಯಲ್ಲಿ ಸಾಲ ಪಡೆದು ಒಂದು ಒಳ್ಳೆಯ ಕಂಪ್ಯೂಟರನ್ನು ಕೊಂಡರು. ಅದರ ಪ್ರೊಸೆಸರು ಇಂಟೆಲ್ ಕಂಪೆನಿಯ ಕೋರ್ ಐ5-2500ಕೆ. ಆ ಹೆಸರಿನ ಕೊನೆಯ 'ಕೆ' ಅಕ್ಷರದ ಅರ್ಥ ಅವರಿಗೆ ತಿಳಿಯದು. ಇದು ಗಟ್ಟಿ ಮಾಲೆಂದು ಅಂಗಡಿಯವನು ಹೇಳಿದ, ಅವರು ನಂಬಿದರು. ಮಾಲು ನಿಜವಾಗಿಯೂ ಗಟ್ಟಿಯಾಗಿಯೇ ಇತ್ತು. ವರ್ಷಗಳುರುಳಿ ಮಗನು ಕಾಲೇಜಿನ ಮೆಟ್ಟಿಲು ಹತ್ತಿದ. ದೀಪಾವಳಿಯ ಉಡುಗೊರೆಗಳನ್ನು ಕೂಡಿಟ್ಟು, ನೆರೆಮನೆಯ ಮಕ್ಕಳಿಗೆ ಪಾಠ ಹೇಳಿ, ಉಳಿದರ್ಧವನ್ನು ತಂದೆಯಿಂದ ಪಡೆದು, ಎನ್‌ವಿಡಿಯ ಕಂಪೆನಿಯ ಜೀಫೋರ್ಸ್ ಆರ್‌ಟಿಎಕ್ಸ್ 3060 ಎಂಬ ಕಾರ್ಡನ್ನು ಕೊಂಡು ತಂದ.

ಪೆಟ್ಟಿಗೆಯ ಮುಚ್ಚಳ ತೆಗೆದು, ಹಳೆಯ ಕಾರ್ಡನ್ನು ಕಳಚಿ, ಹೊಸದನ್ನು ಕೂಡಿಸಿದ್ದಾಯಿತು. ಮಗನು ತೆರೆದ ಆಟ 2017ರ ಅಕ್ಟೋಬರಿನಲ್ಲಿ ಹೊರಬಂದ 'ಅಸಾಸಿನ್ಸ್ ಕ್ರೀಡ್ ಒರಿಜಿನ್ಸ್'. ಪುರಾತನ ಈಜಿಪ್ಟ್ ದೇಶವೇ ಅದರ ರಂಗಸ್ಥಳ. ಮರಳಿನ ದಿಬ್ಬಗಳ ಮೇಲೆ ಬಿಸಿಲು ಹೊರಳುವ ಚೆಲುವನ್ನು ಕಂಡು ಮನೆಯವರೆಲ್ಲ ಬೆರಗಾದರು. ಆದರೆ ಕಥಾನಾಯಕ ಅಲೆಕ್ಸಾಂಡ್ರಿಯ ನಗರದ ಪೇಟೆಯನ್ನು ಹೊಕ್ಕದ್ದೇ ತಡ, ದೃಶ್ಯ ತೊದಲತೊಡಗಿತು. ಓಡುವವನು ತಟಕ್ಕನೆ ನಿಂತು, ಮರುಕ್ಷಣ ಎರಡು ಮಾರು ಮುಂದೆ ಕಾಣಿಸಿಕೊಳ್ಳುವನು. ಮಗನು ಚಿತ್ರದ ಅಂದವನ್ನು ತಗ್ಗಿಸಿ ನೋಡಿದ. ಅಂದ ಕೆಟ್ಟಿತೇ ಹೊರತು ತೊದಲು ನಿಲ್ಲಲಿಲ್ಲ. ಕಾರ್ಡು ಎಷ್ಟು ದುಡಿಯುತ್ತಿದೆಯೆಂದು ತೋರಿಸುವ ಅಂಕಿ ನೂರಕ್ಕೆ 40ರ ಆಸುಪಾಸಿನಲ್ಲಿಯೇ ಸುಳಿದಾಡುತ್ತಿತ್ತು. ಅಷ್ಟು ಹಣ ತೆತ್ತು ತಂದ ವಸ್ತು ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಕುಳಿತಿದೆ! ತಂದೆ ಮಾತನಾಡದೆ ಒಳಗೆ ಹೋಗಿ, ಅಂಗಡಿಯ ರಸೀದಿಯನ್ನು ಹುಡುಕಿ ತಂದು ಮೇಜಿನ ಮೇಲಿಟ್ಟರು. ಮಾಲು ಖೋಟಾ ಇರಬೇಕೆಂದು ಅವರ ಅನುಮಾನ.

ಮಾಲು ಖೋಟಾ ಅಲ್ಲ. ಅದಕ್ಕೆ ಕೆಲಸ ಸಾಲದಾಗಿದೆ, ಅಷ್ಟೆ.

ಮೊಳೆ ಜೋಡಿಸುವವನೂ ಅಚ್ಚಿನ ಯಂತ್ರವೂ

ಹಿಂದಿನ ಕಾಲದ ಮುದ್ರಣಾಲಯವನ್ನು ನೆನೆದರೆ ಈ ಒಗಟು ಸುಲಭವಾಗಿ ಬಿಡಿಸೀತು. ಒಂದು ಮೂಲೆಯಲ್ಲಿ ಕುಳಿತವನು ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು ಪುಟವನ್ನು ಜೋಡಿಸುತ್ತಾನೆ. ಇನ್ನೊಂದು ಮೂಲೆಯಲ್ಲಿ ಅಚ್ಚಿನ ಯಂತ್ರ ಆ ಪುಟವನ್ನು ಕಾಗದದ ಮೇಲೆ ಮೂಡಿಸುತ್ತದೆ. ಒಂದು ಪುಟ ಅಚ್ಚಾಗುತ್ತಿರುವಾಗಲೇ ಮುಂದಿನ ಪುಟದ ಜೋಡಣೆ ನಡೆದಿರುತ್ತದೆ. ಯಜಮಾನನು ಜರ್ಮನಿಯಿಂದ ಹೊಸ ಯಂತ್ರವನ್ನು ತರಿಸಬಹುದು. ಆದರೆ ಮೊಳೆ ಜೋಡಿಸುವ ಮುದುಕನ ಬೆರಳು ಗಂಟೆಗೆ ಎರಡೇ ಪುಟಗಳನ್ನು ಜೋಡಿಸುವುದಾದರೆ, ಆ ಮುದ್ರಣಾಲಯದಿಂದ ಗಂಟೆಗೆ ಎರಡೇ ಪುಟಗಳು ಹೊರಬರುತ್ತವೆ.

ಕಂಪ್ಯೂಟರ್ ಆಟದಲ್ಲಿ ಮೊಳೆ ಜೋಡಿಸುವ ಕೆಲಸ ಪ್ರೊಸೆಸರಿನದು. ಪೇಟೆಯಲ್ಲಿ ಯಾವ ವ್ಯಾಪಾರಿ ಎಲ್ಲಿ ನಿಂತಿದ್ದಾನೆ, ಕಾವಲುಗಾರ ಈಗ ಯಾವ ಕಡೆಗೆ ತಿರುಗಬೇಕು, ಬಿಟ್ಟ ಬಾಣ ತಗುಲಿತೋ ತಪ್ಪಿತೋ, ನಾಯಕನ ಕಣ್ಣಿಗೆ ಯಾವ ಗೋಡೆ ಮರೆಯಾಗಿದೆ, ಇವೆಲ್ಲವನ್ನೂ ಅದು ನಿರ್ಧರಿಸಬೇಕು. ಅನಂತರ 'ಈ ಕಂಬವನ್ನು ಇಲ್ಲಿ ಬರೆ, ಈ ಕುದುರೆಯನ್ನು ಅಲ್ಲಿ ಬರೆ' ಎಂಬ ಸಾವಿರಾರು ಅಪ್ಪಣೆಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಬಣ್ಣ, ಬೆಳಕು, ನೆರಳುಗಳನ್ನು ತುಂಬಿ ತೆರೆಯ ಮೇಲೆ ಮೂಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಚಲಚ್ಚಿತ್ರದಂತೆ ಇಲ್ಲಿಯೂ ಚಲನೆಯೆಂಬುದು ಬಿಡಿಚಿತ್ರಗಳ ಸಾಲು. ಸೆಕೆಂಡಿಗೆ 60 ಚಿತ್ರಗಳು ಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ 16.7 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಅರವತ್ತನೆಯ ಒಂದು ಪಾಲು. ಅಷ್ಟರೊಳಗೆ ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಮುಗಿಸಿರತಕ್ಕದ್ದು.

ಮೇಲ್ಕಂಡ ಮನೆಯ ಸಂಗತಿಯನ್ನೇ ಲೆಕ್ಕಕ್ಕೆ ಹೀಗೆ ಹಿಡಿಯಬಹುದು. ಅಲೆಕ್ಸಾಂಡ್ರಿಯದ ಜನಸಂದಣಿಯಲ್ಲಿ ಒಂದು ಚಿತ್ರದ ಅಪ್ಪಣೆಗಳನ್ನು ಜೋಡಿಸಲು ಪ್ರೊಸೆಸರಿಗೆ 25 ಮಿಲಿಸೆಕೆಂಡು ಬೇಕು. ಹಳೆಯ ಕಾರ್ಡಿಗೆ ಆ ಚಿತ್ರವನ್ನು ಬರೆಯಲು 50 ಮಿಲಿಸೆಕೆಂಡು ಬೇಕಾಗುತ್ತಿತ್ತು; ಹೊಸದಕ್ಕೆ 10 ಸಾಕು. ಮೊದಲು ನಿಧಾನಿಯಾಗಿದ್ದದ್ದು ಕಾರ್ಡು, ಆದ್ದರಿಂದ ಸೆಕೆಂಡಿಗೆ 20 ಚಿತ್ರಗಳು. ಈಗ ನಿಧಾನಿ ಪ್ರೊಸೆಸರು, ಆದ್ದರಿಂದ 40. ಕಾರ್ಡು ಐದು ಪಟ್ಟು ಚುರುಕಾಯಿತು, ಆಟ ಎರಡು ಪಟ್ಟು ಮಾತ್ರ ಚುರುಕಾಯಿತು. ಮಗನ ಹಣ ನೀರಿಗೆ ಬಿದ್ದಿತೆನ್ನಲಾಗದು, ಪೂರ್ತಿ ಫಲಿಸಿತೆನ್ನಲೂ ಆಗದು. ಇಡೀ ಕೆಲಸದ ಒಂದು ಭಾಗವನ್ನು ಎಷ್ಟೇ ತೀವ್ರಗೊಳಿಸಿದರೂ ಉಳಿದ ಭಾಗವೇ ಒಟ್ಟು ಲಾಭಕ್ಕೆ ಮೇಲ್ಮಿತಿಯನ್ನು ಹಾಕುತ್ತದೆಯೆಂಬ ತತ್ತ್ವವನ್ನು ಜೀನ್ ಆಮ್‌ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರನು 1967ರಲ್ಲಿಯೇ ಮಂಡಿಸಿದ್ದನು. ಅವನ ಮನಸ್ಸಿನಲ್ಲಿದ್ದದ್ದು ಆಟಗಳಲ್ಲ, ಕೋಣೆ ತುಂಬುವ ಗಣಕಯಂತ್ರಗಳು. ಆದರೂ ಆ ಮಾತು ಹುಡುಗನ ಮೇಜಿನವರೆಗೂ ಬಂದು ತಲಪಿದೆ.

ಈ ಲೆಕ್ಕದಿಂದ ಹೊರಡುವ ಒಂದು ಫಲಿತಾಂಶ ಮೊದಲ ನೋಟಕ್ಕೆ ತಲೆಕೆಳಗಾಗಿ ತೋರುತ್ತದೆ. ಹಳೆಯ ಪ್ರೊಸೆಸರು ದಣಿದಿದೆಯೆಂದು ಎಲ್ಲರೂ ಚಿತ್ರದ ಗಾತ್ರವನ್ನು ತಗ್ಗಿಸುತ್ತಾರೆ. ಹಾಗೆ ಮಾಡುವುದರಿಂದ ಹಗುರವಾಗುವುದು ಆಗಲೇ ಬಿಡುವಾಗಿ ಕುಳಿತಿರುವ ಕಾರ್ಡಿನ ಹೊರೆ! ಸಾಮಾನ್ಯ ತೆರೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. 2560 ಮತ್ತು 1440 ಅಳತೆಯ ತೆರೆಯಲ್ಲಿ 36,86,400. ನಾಲ್ಕು-ಕೆ ಎಂದು ಕರೆಯುವ ತೆರೆಯಲ್ಲಿ 82,94,400. ಪುಟ ದೊಡ್ಡದಾದರೂ ಬಣ್ಣ ಹೆಚ್ಚಾದರೂ ಜೋಡಿಸತಕ್ಕ ಮೊಳೆಗಳ ಸಂಖ್ಯೆ ಬಹುಮಟ್ಟಿಗೆ ಅಷ್ಟೇ. ಶ್ರಮ ಹೆಚ್ಚುವುದು ಅಚ್ಚಿನ ಯಂತ್ರಕ್ಕೆ. ಕಾರ್ಡಿನ 10 ಮಿಲಿಸೆಕೆಂಡು ನಡುವಣ ಅಳತೆಯ ತೆರೆಯಲ್ಲಿ ಚುಕ್ಕೆಗಳ ಪ್ರಮಾಣದಲ್ಲಿ ಬೆಳೆದು 18 ಆಯಿತೆನ್ನಬಹುದು. ಅದು ಪ್ರೊಸೆಸರಿನ 25ಕ್ಕಿಂತ ಇನ್ನೂ ಕಡಿಮೆ. ಎಂದರೆ, ಆಗಲೂ ಅದೇ 40 ಚಿತ್ರಗಳು, ಆದರೆ ಹೆಚ್ಚು ಸ್ಫುಟವಾದ ಚಿತ್ರಗಳು. ಕಾಸಿಲ್ಲದೆ ಬಂದ ಲಾಭ. ನಾಲ್ಕು-ಕೆ ತೆರೆಗೆ ಏರಿದರೆ ಮಾತ್ರ ಕಾರ್ಡಿನ ಕಾಲ 40 ಮಿಲಿಸೆಕೆಂಡಿನವರೆಗೆ ಹೋಗಿ, ಈಗ ಪ್ರೊಸೆಸರೇ ಕಾಯುವ ಸರದಿ.

ಮುದುಕನ ಹಳೆಯ ಕೀರ್ತಿ

ಕಾರ್ಡನ್ನು ಮಾತ್ರ ಬದಲಾಯಿಸಿದರೆ ಸಾಕೆಂಬ ನಂಬಿಕೆ ಹುಡುಗರ ಮನಸ್ಸಿನಲ್ಲಿ ಬೇರೂರಿದ್ದಕ್ಕೆ ಕಾರಣವಿಲ್ಲದಿಲ್ಲ. ಒಂದು ಕಾಲದಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಅದನ್ನು ನಿಜವಾಗಿಸಿದ ಪ್ರೊಸೆಸರುಗಳಲ್ಲಿ ಈ 2500ಕೆ ಅಗ್ರಗಣ್ಯವಾದುದು.

2011ರ ಜನವರಿಯಲ್ಲಿ ಹೊರಬಂದ ಈ ಪ್ರೊಸೆಸರಿನ ಪೀಳಿಗೆಗೆ 'ಸ್ಯಾಂಡಿ ಬ್ರಿಜ್' ಎಂದು ಹೆಸರು. ಅದರ ವಿನ್ಯಾಸವನ್ನು ಮುಖ್ಯವಾಗಿ ರೂಪಿಸಿದ್ದು ಇಸ್ರೇಲಿನ ಹೈಫಾದಲ್ಲಿರುವ ಇಂಟೆಲ್ ತಂಡ. ಮೊದಲು ಅದಕ್ಕಿಟ್ಟ ಹೆಸರು 'ಗೆಶೆರ್'. ಹೀಬ್ರೂ ಭಾಷೆಯಲ್ಲಿ ಸೇತುವೆಯೆಂದರ್ಥ. ಅದೇ ಹೆಸರಿನ ರಾಜಕೀಯ ಪಕ್ಷವೊಂದು ಆ ದೇಶದಲ್ಲಿ ಇದ್ದುದರಿಂದ ಹೆಸರನ್ನು ಬದಲಾಯಿಸಿದರು. ಸೇತುವೆಯನ್ನು ಮಾತ್ರ ಉಳಿಸಿಕೊಂಡರು. ನಾಲ್ಕು ಕೋರುಗಳು, 3.3 ಗಿಗಾಹರ್ಟ್ಸ್ ಮೂಲ ವೇಗ, ಅಮೆರಿಕದ ಪೇಟೆಯಲ್ಲಿ 216 ಡಾಲರ್ ಬೆಲೆ. ಹೆಸರಿನ ಕೊನೆಯ 'ಕೆ' ಅಕ್ಷರದ ಅರ್ಥವಿಷ್ಟೆ: ಇದರ ವೇಗಕ್ಕೆ ಕಂಪೆನಿ ಬೀಗ ಹಾಕಿಲ್ಲ; ತಕ್ಕ ಮದರ್‌ಬೋರ್ಡು, ತಕ್ಕ ತಂಪುಕಾರಿ ಇದ್ದವನು ಅದನ್ನು 4 ಗಿಗಾಹರ್ಟ್ಸಿನ ಆಚೆಗೂ ಓಡಿಸಬಹುದು.

ಅನಂತರದ ಆರು ವರ್ಷಗಳಲ್ಲಿ ಪ್ರೊಸೆಸರಿನ ಲೋಕ ಆಮೆಯ ನಡಿಗೆಯಲ್ಲಿ ಸಾಗಿತು. ಎದುರಾಳಿಯಾದ ಎಎಂಡಿ ಕಂಪೆನಿಯ ಅಂದಿನ ಪ್ರೊಸೆಸರುಗಳು ಆಟಗಳಲ್ಲಿ ಹಿಂದೆ ಬಿದ್ದಿದ್ದವು. ಸ್ಪರ್ಧೆಯಿಲ್ಲದ ಪೇಟೆಯಲ್ಲಿ ಇಂಟೆಲ್ ಕಂಪೆನಿ ವರ್ಷಕ್ಕಿಷ್ಟೆಂದು ಅಳೆದು ಸುರಿಯುತ್ತ ಬಂದಿತು. 2017ರ ಮಾರ್ಚಿಯಲ್ಲಿ ಎಎಂಡಿಯ ರೈಜ಼ೆನ್ ಬಂದಮೇಲೆಯೇ, ಅದೇ ವರ್ಷದ ಅಕ್ಟೋಬರಿನಲ್ಲಿ, ಐ5 ಮನೆತನಕ್ಕೆ ನಾಲ್ಕರ ಬದಲು ಆರು ಕೋರುಗಳು ದೊರೆತವು. ಇತ್ತ ಗ್ರಾಫಿಕ್ಸ್ ಕಾರ್ಡುಗಳು ಹನುಮಂತನಂತೆ ಹಾರಿದವು. 2011ರ ಜನವರಿಯಲ್ಲಿಯೇ ಬಂದ ಜೀಫೋರ್ಸ್ ಜಿಟಿಎಕ್ಸ್ 560 ಟಿಐ ಕಾರ್ಡಿನಲ್ಲಿ 384 ಗಣಕಘಟಕಗಳು, 1 ಗಿಗಾಬೈಟ್ ಸ್ಮೃತಿ. 2021ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ 3,584 ಘಟಕಗಳು, 12 ಗಿಗಾಬೈಟ್ ಸ್ಮೃತಿ. ನಡುವೆ ಎಣಿಸುವ ಕ್ರಮ ಬದಲಾದದ್ದಕ್ಕೆ ಒಂದಿಷ್ಟು ಸೋಡಿ ಬಿಟ್ಟರೂ ಅಂತರ ಅಗಾಧವಾದದ್ದು.

ಇನ್ನೂ ಒಂದು ಕಾರಣವನ್ನು ಹೇಳಬೇಕು. ಬಹಳ ಜನ ಅದನ್ನು ಮರೆಯುತ್ತಾರೆ. ದೊಡ್ಡ ಆಟಗಳನ್ನು ಬರೆಯುವವರು ಮೊದಲು ನೋಡುವುದು ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳ ಕಡೆಗೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಎಂಟು ಕೋರುಗಳಿದ್ದರೂ ಅವು ಎರಡು ಗಿಗಾಹರ್ಟ್ಸನ್ನೂ ಮುಟ್ಟದ ಬಡಪಾಯಿಗಳು. ಅವುಗಳ ಕೈಯಲ್ಲಿ ನಡೆಯುವಂತೆ ಬರೆದ ಆಟ 2500ಕೆಗೆ ಭಾರವಾಗಲಿಲ್ಲ. ಮೇಲೆ ಹೇಳಿದ ಈಜಿಪ್ಟಿನ ಆಟದ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಇದೇ ಪೀಳಿಗೆಯ ಐ5-2400ಎಸ್ ಹೆಸರಿತ್ತು. ಆದರೆ 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಲ್ಲಿ ಹೊಸ ತಳಿಯ ಎಂಟು ಕೋರುಗಳು 3.5 ಗಿಗಾಹರ್ಟ್ಸಿನ ಸುಮಾರಿಗೆ ಓಡುತ್ತವೆ. ಹಳೆಯ ಯಂತ್ರಗಳಿಗೆ ಆಟ ಬರೆಯುವುದು ಕಡಿಮೆಯಾದಂತೆ ಮುದಿ ಪ್ರೊಸೆಸರುಗಳಿಗಿದ್ದ ಆಶ್ರಯವೂ ತಪ್ಪಿತು. 2020ರ ಡಿಸೆಂಬರಿನಲ್ಲಿ ಬಂದ 'ಸೈಬರ್‌ಪಂಕ್ 2077' ಆಟ ಮೊದಲು ಕನಿಷ್ಠ ಪಕ್ಷ ಐ5-3570ಕೆ ಇರಲೆಂದು ಕೇಳುತ್ತಿತ್ತು. 2023ರಲ್ಲಿ ಅದರ ತಯಾರಕರು ಆ ಗೆರೆಯನ್ನು ಐ7-6700ರ ವರೆಗೆ ಏರಿಸಿದರು. ಆಟ ಅದೇ, ಊರು ಅದೇ, ಬಾಗಿಲ ಹೊಸ್ತಿಲು ಮಾತ್ರ ಎತ್ತರವಾಯಿತು. ಕೆಲವು ಹೊಸ ಆಟಗಳಂತೂ ಎವಿಎಕ್ಸ್2 ಎಂಬ ಆಜ್ಞಾಗುಚ್ಛವಿಲ್ಲದ ಪ್ರೊಸೆಸರಿನಲ್ಲಿ ತೆರೆಯುವುದೇ ಇಲ್ಲ. ಅದು ಇಂಟೆಲ್ ಪ್ರೊಸೆಸರುಗಳಿಗೆ ಬಂದದ್ದು 2013ರಲ್ಲಿ. ಅಲ್ಲಿ ಕಾರ್ಡು ಎಷ್ಟೇ ಹೊಸತಾಗಿದ್ದರೂ ಪ್ರಯೋಜನವಿಲ್ಲ.

ಸರಾಸರಿ ಅಂಕಿಯನ್ನು ನೆಚ್ಚಿಕೊಳ್ಳುವುದೂ ಅಪಾಯ. ಒಂದು ಸೆಕೆಂಡಿನಲ್ಲಿ 50 ಚಿತ್ರಗಳು ಬಂದವೆಂದರೆ ಅವು ಸಮನಾದ ಅಂತರದಲ್ಲಿಯೇ ಬಂದವೆಂದಲ್ಲ. 49 ಚಿತ್ರಗಳು ಚಕಚಕನೆ ಬಂದು ಐವತ್ತನೆಯದು ಹತ್ತನೆಯ ಒಂದು ಸೆಕೆಂಡು ತಡವಾದರೂ ಸರಾಸರಿ ಕೆಡುವುದಿಲ್ಲ, ಆಟ ಕೆಡುತ್ತದೆ. ಒಂದೊಂದು ಚಿತ್ರ ತೆಗೆದುಕೊಂಡ ಕಾಲವನ್ನೇ ಅಳೆಯಬೇಕೆಂದು ಸ್ಕಾಟ್ ವಾಸನ್ ಎಂಬ ಅಮೆರಿಕದ ವಿಮರ್ಶಕನು 2011ರಲ್ಲಿ ವಾದಿಸಿದಮೇಲೆ ಪರೀಕ್ಷೆಯ ಪದ್ಧತಿಯೇ ಬದಲಾಯಿತು. ನಾಲ್ಕೇ ಕೋರುಗಳ ಪ್ರೊಸೆಸರಿನ ಕಷ್ಟ ಹೆಚ್ಚಾಗಿ ಕಾಣುವುದು ಇಲ್ಲಿಯೇ. ನಾಲ್ಕು ಕೈಗಳೂ ಆಟದಲ್ಲಿ ತೊಡಗಿರುವಾಗ ಹಿನ್ನೆಲೆಯಲ್ಲಿ ಇನ್ನಾವುದೋ ಕೆಲಸ ಬಂದು ಬಾಗಿಲು ತಟ್ಟಿದರೆ, ಕೈಯಲ್ಲಿದ್ದುದನ್ನು ಕೆಳಗಿಟ್ಟೇ ಬಾಗಿಲು ತೆರೆಯಬೇಕು. ನಮ್ಮ ಅಡುಗೆಮನೆಗಳಲ್ಲಿ ಗೃಹಿಣಿಯರಿಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ.

ಕಾರ್ಡು ಕಾರ್ಡಿಗೂ ಭೇದ

ಹಳೆಯ ಪ್ರೊಸೆಸರಿಗೆ ಯಾವ ಹೊಸ ಕಾರ್ಡಾದರೂ ಒಂದೇ ಎಂದುಕೊಂಡರೆ ಅದೂ ತಪ್ಪು. ಆಟದ ಅಪ್ಪಣೆಗಳನ್ನು ಕಾರ್ಡಿಗೆ ತಿಳಿಯುವ ಭಾಷೆಗೆ ತಿರುಗಿಸುವ ದುಭಾಷಿಯೊಬ್ಬನು ನಡುವೆ ಇರುತ್ತಾನೆ. ಅವನಿಗೆ ಡ್ರೈವರ್ ಎಂದು ಹೆಸರು. ಈ ದುಭಾಷಿ ಕಾರ್ಡಿನ ಕಂಪೆನಿಯವನಾದರೂ ಅವನ ಊಟ ಪ್ರೊಸೆಸರಿನ ಮನೆಯಲ್ಲಿ! ಅವನ ಹಸಿವೆಷ್ಟೋ ಅಷ್ಟು ಪಾಲು ಪ್ರೊಸೆಸರಿನ ಕಾಲದಿಂದ ಕಳೆಯುತ್ತದೆ. 2021ರ ಮಾರ್ಚಿಯಲ್ಲಿ ಆಸ್ಟ್ರೇಲಿಯದ ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಎಂಬ ಪರೀಕ್ಷಕರ ತಂಡ ಒಂದು ವಿಚಿತ್ರವನ್ನು ತೋರಿಸಿತು. ಹಳೆಯ ಪ್ರೊಸೆಸರುಗಳೊಂದಿಗೆ ಕೆಲವು ಹೊಸ ಆಟಗಳಲ್ಲಿ, ಎಎಂಡಿಯ ಅಗ್ಗದ ರೇಡಿಯಾನ್ ಕಾರ್ಡು ಎನ್‌ವಿಡಿಯದ ದುಬಾರಿ ಕಾರ್ಡಿಗಿಂತ ಹೆಚ್ಚು ಚಿತ್ರಗಳನ್ನು ಕೊಡುತ್ತಿತ್ತು.

ಇದಕ್ಕಿಂತಲೂ ಕನಿಕರ ಹುಟ್ಟಿಸುವ ಪ್ರಸಂಗ ನಡೆದದ್ದು ಇಂಟೆಲ್ ಕಂಪೆನಿಯ ಕಾರ್ಡಿನಲ್ಲಿ. 2024ರ ಡಿಸೆಂಬರಿನಲ್ಲಿ ಆ ಕಂಪೆನಿ ಆರ್ಕ್ ಬಿ580 ಎಂಬ ಕಾರ್ಡನ್ನು 249 ಡಾಲರಿಗೆ ಪೇಟೆಗೆ ತಂದಿತು. 12 ಗಿಗಾಬೈಟ್ ಸ್ಮೃತಿ. ಅದಕ್ಕಿಂತ ಹೆಚ್ಚಿನ ಬೆಲೆಯ ಆರ್‌ಟಿಎಕ್ಸ್ 4060 ಕಾರ್ಡನ್ನು ಹಲವು ಆಟಗಳಲ್ಲಿ ಹಿಂದಿಕ್ಕುವ ಸಾಮರ್ಥ್ಯ. ಬಡವರ ಬಂಧು ಬಂದನೆಂದು ವಿಮರ್ಶಕರು ಹೊಗಳಿದರು. ಆದರೆ ಅವರೆಲ್ಲ ಪರೀಕ್ಷೆ ಮಾಡಿದ್ದು ಅತ್ಯುತ್ತಮವಾದ ಹೊಸ ಪ್ರೊಸೆಸರುಗಳ ಜೊತೆಯಲ್ಲಿ. 2025ರ ಜನವರಿಯ ಆರಂಭದಲ್ಲಿ ಕೆಲವರು ಅದನ್ನೇ ರೈಜ಼ೆನ್ 5 2600ರಂಥ ಹಳೆಯ ಪ್ರೊಸೆಸರಿನೊಂದಿಗೆ ಕೂಡಿಸಿ ನೋಡಿದಾಗ ಸಂಗತಿ ಹೊರಬಿದ್ದಿತು: ಕೆಲವು ಆಟಗಳಲ್ಲಿ ಕಾರ್ಡಿನ ವೇಗ ಬಹುವಾಗಿ ಕುಸಿದು, ಹೊಸ ಪ್ರೊಸೆಸರಿನೊಂದಿಗೆ ಸೋತಿದ್ದ 4060 ಇಲ್ಲಿ ಗೆದ್ದಿತು. ಅಷ್ಟೇನೂ ಹಳೆಯದಲ್ಲದ ರೈಜ಼ೆನ್ 5 5600 ಜೊತೆಯಲ್ಲಿಯೂ ಒಂದಿಷ್ಟು ನಷ್ಟ ಕಂಡಿತು. ಇಂಟೆಲ್ ತಾನೇ ಹತ್ತನೆಯ ಪೀಳಿಗೆಯ ಕೋರ್ ಅಥವಾ ರೈಜ಼ೆನ್ 3000 ಪೀಳಿಗೆಯಿಂದೀಚಿನ ಪ್ರೊಸೆಸರಿರಲೆಂದು ಮೊದಲೇ ಹೇಳಿತ್ತು, ನಿಜ. ಪ್ರೊಸೆಸರು ಕಾರ್ಡಿನ ಇಡೀ ಸ್ಮೃತಿಯನ್ನು ಒಮ್ಮೆಗೆ ಕಾಣಬಲ್ಲ ರೀಸೈಜ಼ಬಲ್ ಬಾರ್ ಎಂಬ ಸೌಕರ್ಯವೂ ಅದಕ್ಕೆ ಬೇಕು. ಆದರೂ ಅಗ್ಗದ ಕಾರ್ಡನ್ನು ಕೊಳ್ಳುವವನು ಯಾರು? ದುಬಾರಿ ಪ್ರೊಸೆಸರನ್ನು ಕೊಳ್ಳಲಾರದವನು. ಯಾರಿಗಾಗಿ ಬೆಲೆಯನ್ನು ತಗ್ಗಿಸಿದರೋ ಅವರ ಮನೆಯಲ್ಲಿಯೇ ಆ ವಸ್ತು ಮಂಕಾಯಿತು.

ಇನ್ನೊಂದು ಭೇದ ದಾರಿಯ ಅಗಲದ್ದು. ಕಾರ್ಡಿಗೂ ಪ್ರೊಸೆಸರಿಗೂ ನಡುವಣ ಪಿಸಿಐ ಎಕ್ಸ್‌ಪ್ರೆಸ್ ಹಾದಿಯಲ್ಲಿ ಸಾಮಾನ್ಯವಾಗಿ 16 ಸಾಲುಗಳಿರುತ್ತವೆ. 2500ಕೆ ಕಾಲದ ಎರಡನೆಯ ಆವೃತ್ತಿಯ ಹಾದಿಯಲ್ಲಿ 16 ಸಾಲುಗಳು ಸೇರಿ ಸೆಕೆಂಡಿಗೆ 8 ಗಿಗಾಬೈಟಿನಷ್ಟನ್ನು ಸಾಗಿಸುತ್ತವೆ. ನಾಲ್ಕನೆಯ ಆವೃತ್ತಿ ಅದರ ನಾಲ್ಕು ಪಟ್ಟು. ಹೊಸ ಹಾದಿ ವೇಗವಾಗಿದೆಯೆಂಬ ಧೈರ್ಯದಲ್ಲಿ ಕಂಪೆನಿಗಳು ಅಗ್ಗದ ಕಾರ್ಡುಗಳಲ್ಲಿ ಸಾಲುಗಳನ್ನೇ ಕಡಿತ ಮಾಡಿದವು. ಆರ್‌ಟಿಎಕ್ಸ್ 3060ಗೆ 16 ಸಾಲುಗಳಿದ್ದರೆ ಅದರ ಅನಂತರ ಬಂದ 4060ಗೆ 8 ಮಾತ್ರ. 2022ರ ಜನವರಿಯಲ್ಲಿ 199 ಡಾಲರಿಗೆಂದು ಬಂದ ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗಂತೂ ನಾಲ್ಕೇ ಸಾಲು, ನಾಲ್ಕೇ ಗಿಗಾಬೈಟ್ ಸ್ಮೃತಿ. ಸ್ಮೃತಿ ತುಂಬಿದಾಗಲೆಲ್ಲ ಸಾಮಾನನ್ನು ಆ ಓಣಿಯಲ್ಲಿಯೇ ಹೊತ್ತು ತರಬೇಕು. ಹಳೆಯ ಮದರ್‌ಬೋರ್ಡುಗಳಲ್ಲಿ ಅದು ಏದುಸಿರು ಬಿಟ್ಟಿತು.

ಕರೆಂಟಿನ ಪೆಟ್ಟಿಗೆಯ ಮಾತನ್ನೂ ಮರೆಯಬಾರದು. 3060 ಕಾರ್ಡು 170 ವ್ಯಾಟ್ ಬೇಡುತ್ತದೆ. ಮದರ್‌ಬೋರ್ಡಿನ ಕಂಡಿಯಿಂದ ದೊರೆಯುವುದು 75 ಮಾತ್ರ. ಉಳಿದುದು ಬೇರೆ ತಂತಿಯಲ್ಲಿ ಬರಬೇಕಾದ್ದರಿಂದ, ಹದಿಮೂರು ವರ್ಷ ದುಡಿದ ಹೆಸರಿಲ್ಲದ ಪೆಟ್ಟಿಗೆಯನ್ನು ನಂಬುವುದಕ್ಕಿಂತ ಅದನ್ನು ಮೊದಲೇ ಬದಲಾಯಿಸುವುದು ಲೇಸು.

ಜಾಹೀರಾತುಗಳು ಸಾರುವ ಎರಡು ಮಂತ್ರಗಳ ಬಲಾಬಲವನ್ನೂ ಇಲ್ಲಿಯೇ ಹೇಳಿಬಿಡಬಹುದು. ಚಿಕ್ಕ ಚಿತ್ರವನ್ನು ಬರೆದು ದೊಡ್ಡದಾಗಿ ಹಿಗ್ಗಿಸುವ ಉಪಾಯ ಕಾರ್ಡಿನ ಹೊರೆಯನ್ನು ಇಳಿಸುತ್ತದೆ. ದಣಿದ ಪ್ರೊಸೆಸರಿಗೆ ಅದರಿಂದ ನಯಾಪೈಸೆಯ ಸಹಾಯವಿಲ್ಲ. 2022ರ ಅಕ್ಟೋಬರಿನಲ್ಲಿ ಎನ್‌ವಿಡಿಯ ತನ್ನ ಹೊಸ ಪೀಳಿಗೆಯ ಕಾರ್ಡುಗಳಿಗೆ ತಂದ ಇನ್ನೊಂದು ಉಪಾಯ, ಎರಡು ಚಿತ್ರಗಳ ನಡುವೆ ಮೂರನೆಯದನ್ನು ಕಾರ್ಡೇ ಊಹಿಸಿ ಬರೆಯುವುದು. ಇದಕ್ಕೆ ಪ್ರೊಸೆಸರಿನ ಜೋಡಣೆ ಬೇಡ. ಆದ್ದರಿಂದ 40 ಚಿತ್ರಗಳು 80ರ ಹತ್ತಿರ ಹೋಗಿ ಕಣ್ಣಿಗೆ ನುಣುಪು ದೊರೆಯುತ್ತದೆ. ಆದರೆ ಊಹೆಯ ಚಿತ್ರ ಹುಡುಗನ ಕೈಯ ಅಪ್ಪಣೆಯನ್ನು ಕೇಳಿದ್ದಲ್ಲ. ಕಣ್ಣು 80 ಎನ್ನುವಾಗ ಬೆರಳು 40 ಎನ್ನುತ್ತದೆ.

ರಸೀದಿಯ ಪಾಡು

ಹಾಗಾದರೆ ಕೊಳ್ಳುವ ಮೊದಲೇ ತಿಳಿಯುವ ಬಗೆ ಇಲ್ಲವೆ? ಇದೆ, ಅದಕ್ಕೆ ಕಾಸೂ ಬೇಡ. ಹಳೆಯ ಕಾರ್ಡು ಪೆಟ್ಟಿಗೆಯಲ್ಲಿರುವಾಗಲೇ ಬೇಕಾದ ಆಟವನ್ನು ತೆರೆದು, ಜನಸಂದಣಿಯ ಸ್ಥಳದಲ್ಲಿ ನಿಂತು, ಚಿತ್ರದ ಅಳತೆಯನ್ನು ತೀರ ಕೆಳಗಿನ ಮೆಟ್ಟಿಲಿಗೆ ಇಳಿಸಬೇಕು. ಕಣ್ಣಿಗೆ ಹಿಂಸೆಯಾಗುವಷ್ಟು ಮಸುಕಾದರೂ ಚಿಂತೆಯಿಲ್ಲ. ಕಾರ್ಡಿನ ಹೊರೆ ಈಗ ಅತ್ಯಲ್ಪ. ಆದ್ದರಿಂದ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಪ್ರೊಸೆಸರಿನ ಶಕ್ತಿಯ ಮೇಲ್ಮಿತಿಗೆ ಬಹಳ ಹತ್ತಿರವಾಗಿರುತ್ತದೆ. ನಾಳೆ ಲಕ್ಷ ರೂಪಾಯಿಯ ಕಾರ್ಡನ್ನು ತಂದರೂ ಆ ಆಟದಲ್ಲಿ, ಆ ಪೇಟೆಯಲ್ಲಿ, ಅದಕ್ಕಿಂತ ಬಹಳ ಹೆಚ್ಚು ಬಾರದು. ಆ ಸಂಖ್ಯೆ 60 ಆಗಿದ್ದು ಮನೆಯವರಿಗೆ 60 ಸಾಕೆನಿಸಿದರೆ ಕಾರ್ಡನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. 35 ಆಗಿದ್ದರೆ ಹಣ ಮೊದಲು ಹೋಗತಕ್ಕದ್ದು ಬೇರೆ ಕಡೆಗೆ.

ಬೇರೆ ಕಡೆಯೆಂದರೆ ಎಲ್ಲಿ? ಇದು ಹಳೆಯ ಮದರ್‌ಬೋರ್ಡಿನ ವಂಶವನ್ನು ಅವಲಂಬಿಸಿದೆ. 2017ರಲ್ಲಿ ರೈಜ಼ೆನ್ ಕೊಂಡವರು ಭಾಗ್ಯವಂತರು. ಅಂದು ರೈಜ಼ೆನ್ 5 1600 ಕೂತಿದ್ದ ಎಎಂ4 ಎಂಬ ಪೀಠದ ಮೇಲೆಯೇ 2022ರ ಏಪ್ರಿಲಿನಲ್ಲಿ ಬಂದ ರೈಜ಼ೆನ್ 7 5800ಎಕ್ಸ್3ಡಿ ಪ್ರೊಸೆಸರೂ ಕೂಡುವಂತಾಯಿತು. ಬೋರ್ಡಿನ ತಂತ್ರಾಂಶವನ್ನು ನವೀಕರಿಸಿದರೆ ಸಾಕು. ಮೊದಲಿನದರಲ್ಲಿ ಹತ್ತಿರದ ಸ್ಮೃತಿ 16 ಮೆಗಾಬೈಟ್ ಇದ್ದರೆ ಇದರಲ್ಲಿ 96. ಆಟಗಳಿಗೆ ಅದೊಂದು ಸಂಜೀವಿನಿ. ಸ್ಯಾಂಡಿ ಬ್ರಿಜ್ ವಂಶಕ್ಕೆ ಆ ಭಾಗ್ಯವಿಲ್ಲ. ಅದರ ಪೀಠಕ್ಕೆ ಒಗ್ಗುವುದು ಅದೇ ಕಾಲದ ಐ7-2600ಕೆ, ಅಥವಾ ಮುಂದಿನ ವರ್ಷದ ಐ7-3770ಕೆ, ಇಂಥವು ಮಾತ್ರ. ಎರಡೂ ಈಗ ಹಳೆಯ ಸಾಮಾನಿನ ಪೇಟೆಯ ಸರಕು. ವಿಂಡೋಸ್ 11 ಈ ವಂಶವನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ಈ ಮುದುಕನಿಗಾಗಿ ಇನ್ನಷ್ಟು ಹಣ ಸುರಿಯುವುದು ಜಾಣತನವಲ್ಲ. ಕೊಂಡ ಕಾರ್ಡಾದರೋ ಪೋಲಾಗದು. ಮುಂದೆ ಹೊಸ ಯಂತ್ರ ಬಂದಾಗ ಅದನ್ನು ಕಳಚಿ ಅಲ್ಲಿಗೆ ಕೂಡಿಸಬಹುದು. ಈ ಒಂದು ಅಂಶದಲ್ಲಿ ಮಗನ ವಾದ ತಂದೆಯ ವಾದಕ್ಕಿಂತ ತೂಕವುಳ್ಳದ್ದು.

ಅಲ್ಲಿಯವರೆಗೆ ಏನು ಮಾಡುವುದು? ಮೇಜಿನ ಮೇಲೆ ರಸೀದಿ ಕುಳಿತಿರುವ ಆ ಮನೆಗೆ ಮರಳಬಹುದು. ಮಗನು ಎರಡು ದಿನ ಲೆಕ್ಕ ಹಾಕಿದ. ಚಿತ್ರದ ಅಂದವನ್ನು ಮತ್ತೆ ಮೇಲಕ್ಕೇರಿಸಿದ, ಏಕೆಂದರೆ ಅದು ಕಾರ್ಡಿನ ಹೊಣೆ. ಜನಸಂದಣಿ, ದೂರದ ದೃಶ್ಯದ ವಿವರ, ಇಂಥ ಪ್ರೊಸೆಸರಿನ ಹೊಣೆಗಳನ್ನು ಹುಡುಕಿ ತಗ್ಗಿಸಿದ. ಹಿನ್ನೆಲೆಯಲ್ಲಿ ತೆರೆದಿಟ್ಟಿದ್ದ ಹತ್ತಾರು ಕಿಟಕಿಗಳನ್ನು ಮುಚ್ಚಿದ. ಆಮೇಲೆ ಹದಿಮೂರು ವರ್ಷ ಯಾರೂ ಮುಟ್ಟದ ಆ 'ಕೆ' ಅಕ್ಷರದ ನೆನಪಾಯಿತು. ಮದರ್‌ಬೋರ್ಡು ಪುಣ್ಯವಶಾತ್ ಅದಕ್ಕೆ ತಕ್ಕುದೇ ಆಗಿತ್ತು. ಒಣಗಿದ್ದ ಶಾಖಲೇಪವನ್ನು ಒರೆಸಿ ಹೊಸದನ್ನು ಹಚ್ಚಿ, ಬೇರೊಂದು ತಂಪುಕಾರಿಯನ್ನು ಕೂಡಿಸಿ, ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ 4.4 ಗಿಗಾಹರ್ಟ್ಸಿಗೆ ತಂದು ನಿಲ್ಲಿಸಿದ. ಪ್ರೊಸೆಸರಿನ 25 ಮಿಲಿಸೆಕೆಂಡು 18ಕ್ಕೆ ಇಳಿಯಿತು. ಅರವತ್ತು ಆಗಲಿಲ್ಲ, ಐವತ್ತೈದರ ಆಸುಪಾಸು. ಕೊನೆಗೆ ಅದನ್ನು 50ಕ್ಕೇ ಬಿಗಿಹಿಡಿದು, ಏರಿಳಿತವಿಲ್ಲದಂತೆ ಮಾಡಿದ.

ಸಂಜೆ ತಂದೆ ಕಚೇರಿಯಿಂದ ಬಂದಾಗ ಅಲೆಕ್ಸಾಂಡ್ರಿಯದ ಪೇಟೆ ತೆರೆಯ ಮೇಲೆ ತೊದಲದೆ ಸಾಗುತ್ತಿತ್ತು. ಸಂದಣಿ ಕೊಂಚ ತೆಳುವಾಗಿದೆಯೆಂಬುದು ಅವರ ಗಮನಕ್ಕೆ ಬರಲಿಲ್ಲ. ಕಡಲ ಕಡೆಗೆ ತಿರುಗಿದಾಗ ಅಲ್ಲಿಯ ಜಗತ್ಪ್ರಸಿದ್ಧ ದೀಪಸ್ತಂಭ ಕಾಣಿಸಿತು. ತಂದೆ ಕುರ್ಚಿಯನ್ನೆಳೆದುಕೊಂಡು ಕುಳಿತು, ಕುದುರೆಯನ್ನು ಸ್ವಲ್ಪ ಆ ಕಡೆಗೆ ಓಡಿಸೆಂದು ಹೇಳಿದರು. ರಸೀದಿ ಆ ರಾತ್ರಿ ಮೇಜಿನ ಖಾನೆಯೊಳಕ್ಕೆ ಹೋಯಿತು.